ಕಾಯಂ ಗಾಯಾಳುವಿನ ಬಲಗೈ ಮತ್ತು ಹಿಂಬಾಗಿಲ ಕಸದ ಡ್ರಮ್ಮುಗಳು

ಆರೋಗ್ಯ, ಸುರಕ್ಷತೆ ಮತ್ತು ಪರಿಸರ ವಿಭಾಗಗಳ ಸಮನ್ವಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ತಿಂಗಳು ನಮ್ಮ ಬಣ್ಣದ ಕಾರ್ಖಾನೆಯ ಹಿತ್ತಲಲ್ಲಿ, ಎಲ್ಲರೆದುರು, ತಾವು ನಗುನಗುತ್ತಾ ಹಿಡಿದು ಕುಲುಕಿದಿರಲ್ಲ, ಆ ನನ್ನ ಬಲಗೈ ಮುರಿದಿತ್ತು. ಫೋಟೊ ತೆಗೆಯುವವನು ಸರಿಯಾಗಿ ಬಂದಿಲ್ಲ ಎಂದಿದ್ದಕ್ಕೆ ಇನ್ನೊಮ್ಮೆ ಕುಲುಕಿದಿರಿ. ನನ್ನ ಬಾಯಿಂದ ಸದ್ದು ಹೊರಡಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಬಂತು. ತಾವು ಪಕ್ಕದವರತ್ತ ತಿರುಗಿ, "ನೋಡ್ರಿ ಪಾಪ, ಒಂದು ಬಹುಮಾನ ಕೊಟ್ರೆ ಎಷ್ಟು ಭಾವುಕರಾಗ್ತಾರೆ" ಎಂದಿರಿ. ತಮ್ಮ ಕರುಣೆಗೆ ವಂದನೆಗಳು. ಇನ್ನು ಮುಂದಿನದೆಲ್ಲ ದೂರು.

ನಾನು ಯಾರೆಂದು ತಮಗೆ ಮರೆತಿರಬಹುದು. ನಾನು ಡಬ್ಬಿಗಳಿಗೆ ಮುಚ್ಚಳ ಒತ್ತುವ ವಿಭಾಗದವನು, ಮೈಯಲ್ಲಿ ಮಾಂಸಕ್ಕಿಂತ ಮೂಳೆಯೇ ಹೆಚ್ಚು ಇರುವವನು. ಡ್ರಿಲ್ ಎಂದು ಅಣಕು ಅಗ್ನಿ ದುರಂತ ಏರ್ಪಡಿಸಿದಾಗಲೆಲ್ಲ ಒಬ್ಬ ಗಾಯಾಳು ಬೇಕಾಗುತ್ತಾನೆ, ಅವನನ್ನು ಹೊರುವವರಿಗೆ ಅವನು ಹಗುರವಾಗಿರಬೇಕು. ಹೀಗೆ ಮೊದಲ ಸಲ ಮಲಗಿದವನು ಮತ್ತೆ ಏಳಲೇ ಇಲ್ಲ ಎನ್ನಬೇಕು. ಬಡ್ತಿ ಸಿಗದಿದ್ದರೂ ಕಾಯಂ ಗಾಯಾಳುವಿನ ಸ್ಥಾನ ಸಿಕ್ಕಿತು. ನಾನೂ ಕಾಟಾಚಾರಕ್ಕೆ ಮಲಗುವವನಲ್ಲ. ಸುಟ್ಟಗಾಯಕ್ಕೆ ಒಂದು ನರಳಾಟ, ಹೊಗೆ ಕುಡಿದವನಿಗೆ ಇನ್ನೊಂದು, ಏಣಿಯಿಂದ ಬಿದ್ದವನಿಗೆ ಮಧ್ಯೆ ಮಧ್ಯೆ "ಅಯ್ಯಮ್ಮಾ" ಸೇರಿಸಿದ್ದು ಮತ್ತೊಂದು ಎಂದು ಅಭ್ಯಾಸ ಮಾಡಿಕೊಂಡೆ. ಬೇರೆ ವಿಭಾಗದವರು ಕೆಲಸ ಬಿಟ್ಟು ನೋಡಲು ಬರತೊಡಗಿದರು.

ಈ ಕೀರ್ತಿಯಿಂದ ಮನೆಯಲ್ಲಿ ನನ್ನ ಮಾನ ಹೋಯಿತು. ತಲೆನೋವು ಎಂದರೆ ಸಾಕು, ಹೆಂಡತಿ "ಡ್ರಿಲ್ ಯಾವತ್ತು?" ಎನ್ನುತ್ತಾಳೆ. ಹೊಟ್ಟೆ ಹಿಡಿದುಕೊಂಡು ಕೂತರೆ ಮಗಳು ತಲೆ ಓರೆ ಮಾಡಿ ನೋಡಿ, "ಅಪ್ಪಾ, ಹೊಟ್ಟೆನೋವಿಗೆ ಇನ್ನೂ ಸ್ವಲ್ಪ ಬಗ್ಗಬೇಕು" ಎಂದು ತಿದ್ದುತ್ತಾಳೆ. ಒಮ್ಮೆ ಜ್ವರದಲ್ಲಿ ನಡುಗುತ್ತಾ ಮಲಗಿದ್ದಾಗ ಇಬ್ಬರೂ ಸೇರಿ ಚಪ್ಪಾಳೆ ತಟ್ಟಿದ್ದಾರೆ. ಇರಲಿ, ಅದು ಮನೆಯ ವಿಚಾರ. ತಮ್ಮ ಇಲಾಖೆಯ ವಿಚಾರ ನಮ್ಮ ಹಿಂಬಾಗಿಲಿನದು.

ಮುಚ್ಚಳ ವಿಭಾಗ ಒಂದು ಉದ್ದನೆಯ ಹಾಲ್. ಮುಂದಿನ ಬಾಗಿಲಿನ ಹತ್ತಿರ ಥಿನ್ನರ್ ಪೀಪಾಯಿಗಳಿವೆ, ಬೆಂಕಿ ಹತ್ತಿದರೆ ಮೊದಲು ಹತ್ತುವುದೇ ಅಲ್ಲಿ. ಆಗ ನಮಗೆ ಉಳಿಯುವ ದಾರಿ ಹಿಂಬಾಗಿಲೊಂದೇ. ಆ ಬಾಗಿಲಿನ ಒಳಮೈ ಮೇಲೆ ಸುರಕ್ಷತಾ ವಿಭಾಗದ ಬೋರ್ಡಿದೆ: "ಈ ಬಾಗಿಲಿಗೆ ಅಡ್ಡವಾಗಿ ಏನನ್ನೂ ಇಡಕೂಡದು." ಹೊರಗೆ, ಬಾಗಿಲಿಗೆ ಅಡ್ಡವಾಗಿ, ಮೂರು ದೊಡ್ಡ ಕಸದ ಡ್ರಮ್ಮುಗಳಿವೆ. ಅವುಗಳ ಮೇಲೆ ಪರಿಸರ ವಿಭಾಗದ ಬೋರ್ಡಿದೆ: "ಈ ಡ್ರಮ್ಮುಗಳನ್ನು ಕದಲಿಸಕೂಡದು." ಕಸದ ಮೇಲೆ ಮಳೆ ಬೀಳಬಾರದಂತೆ, ಹಿತ್ತಲಲ್ಲಿ ಸೂರಿರುವುದು ಆ ಬಾಗಿಲ ಮುಂದೆ ಮಾತ್ರವಂತೆ. ಡ್ರಮ್ಮುಗಳಿಂದ ನೊಣ ಬರುತ್ತದೆಂದು ಆರೋಗ್ಯ ವಿಭಾಗದವರು ಬಾಗಿಲಿಗೆ ಮೂರನೆಯ ಬೋರ್ಡು ಹೊಡೆದರು: "ಸದಾ ಮುಚ್ಚಿರಲಿ." ಬಾಗಿಲು ಹೊರಕ್ಕೆ ತೆರೆಯುವಂಥದ್ದು. ತಳ್ಳಿದರೆ ಡ್ರಮ್ಮಿಗೆ ತಾಗಿ ಅರ್ಧಕ್ಕೆ ನಿಲ್ಲುತ್ತದೆ. ತಮಾಷೆಯೆಂದರೆ, ಮೂರೂ ಬೋರ್ಡುಗಳ ಕೆಳಗೆ ಒಂದೇ ಸಹಿಯಿದೆ. ಅದು ಯಾರದೆಂದು ತಮ್ಮನ್ನೇ ಕೇಳಬೇಕು, ಏಕೆಂದರೆ ಅದು ತಮ್ಮದೇ. ಸಹಿ ಹಾಕುವಾಗ ತಾವು ಬಾಗಿಲಿನ ಯಾವ ಕಡೆ ನಿಂತಿದ್ದಿರಿ, ಸ್ವಾಮೀ?

ತಾವು ಮುಖ್ಯ ಅತಿಥಿಯಾಗಿ ಬಂದು ಹಿತ್ತಲಲ್ಲಿ ನಿಂತಿದ್ದ ಆ ದಿನ ಸೈರನ್ ಕೂಗಿತು. ನಾನು ರೂಢಿಯಂತೆ ಯಂತ್ರದ ಪಕ್ಕ ಬಿದ್ದು ಹೊಗೆ ಕುಡಿದವನಾದೆ. ಸ್ಟ್ರೆಚರ್ ಹೊತ್ತವರಲ್ಲಿ ಮುಂದಿದ್ದವನು ನನ್ನ ಭಾಮೈದ. ಅವನದೂ ಇದೇ ವಿಭಾಗ. ಸ್ಟ್ರೆಚರಿಗೆ ನನ್ನನ್ನು ಬಿಗಿಯುವ ಪಟ್ಟಿಗಳು ಇರಲಿಲ್ಲ, ಸ್ವಚ್ಛತೆಯ ಸಲುವಾಗಿ ಆರೋಗ್ಯ ವಿಭಾಗದವರು ಒಗೆಯಲು ಬಿಚ್ಚಿಕೊಂಡು ಹೋಗಿದ್ದರು. ಹಿಂಬಾಗಿಲು ಎಂದಿನಂತೆ ಅರ್ಧ ತೆರೆಯಿತು.

"ಸ್ಟ್ರೆಚರ್ ಹಿಡಿಸಲ್ಲ ಸಾರ್" ಎಂದ ಭಾಮೈದ.

"ಓರೆ ಮಾಡ್ರಪ್ಪಾ, ಓರೆ ಮಾಡಿ! ಸಾಹೇಬ್ರು ಕಾಯ್ತಿದಾರೆ!" ಎಂದು ಸುರಕ್ಷತಾ ಮೇಲ್ವಿಚಾರಕರು ಗಂಟಲು ಹರಿದುಕೊಂಡರು.

ಓರೆ ಮಾಡಿದರು. ಓರೆ ಮಾಡಿದ ಸ್ಟ್ರೆಚರ್ ಮೇಲೆ ಏನು ನಿಲ್ಲುತ್ತದೆ? ನಾನು ಎರಡು ಡ್ರಮ್ಮುಗಳ ಸಂದಿಗೆ ಬಿದ್ದೆ, ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡಿತು. ಲಟಕ್ಕೆಂದಿದ್ದು ನನಗೆ ಕೇಳಿಸಿತು. ಇಷ್ಟು ವರ್ಷ ನರಳುವುದನ್ನು ಕಲಿತವನಿಗೆ ಆ ಕ್ಷಣ ಒಂದು "ಅಯ್ಯೋ" ಕೂಡ ನೆನಪಾಗಲಿಲ್ಲ.

ಭಾಮೈದ ಬಗ್ಗಿ ಕಿವಿಯಲ್ಲಿ, "ಭಾವ, ಕೂಗಿ! ಸಾಹೇಬ್ರು ನಿಮ್ಮನ್ನೇ ನೋಡ್ತಿದಾರೆ!" ಎಂದ. ನಾನು ಬಾಯಿ ತೆರೆದೆ, ಮುಚ್ಚಿದೆ. ಆಗ ತಾವು ಉದ್ಗರಿಸಿದ್ದು ಹಿತ್ತಲಿಗೆಲ್ಲ ಕೇಳಿಸಿತು: "ಓಹೋ, ಮೂಕಾಭಿನಯ! ಭೇಷ್!" ಚಪ್ಪಾಳೆ ಬಿತ್ತು. ನನಗೆ ಸ್ಥಳದಲ್ಲೇ "ವರ್ಷದ ಅತ್ಯುತ್ತಮ ಗಾಯಾಳು" ಎಂಬ ಫಲಕ ಕೊಟ್ಟಿರಿ. ಆಮೇಲೆ ಕೈ ಕುಲುಕಿದಿರಿ. ಆಮೇಲೆ ಭಾಷಣ ಮಾಡಿ, ಮೂರು ವಿಭಾಗಗಳ ನಡುವೆ ಇಂಥ ಸಮನ್ವಯ ತಾವು ಎಲ್ಲೂ ಕಂಡಿಲ್ಲ ಎಂದಿರಿ. ನನ್ನದೂ ಅದೇ ಅಭಿಪ್ರಾಯ. ಪಟ್ಟಿ ಬಿಚ್ಚಿದವರು ಒಬ್ಬರು, ಡ್ರಮ್ಮು ಇಟ್ಟವರು ಇನ್ನೊಬ್ಬರು, ಓರೆ ಮಾಡಿಸಿದವರು ಮತ್ತೊಬ್ಬರು. ಇವರಲ್ಲಿ ಯಾರೊಬ್ಬರು ಕೈ ಜೋಡಿಸದಿದ್ದರೂ ನನ್ನ ಕೈ ಮುರಿಯುತ್ತಿರಲಿಲ್ಲ.

ಸಂಜೆ ಬಲಗೈಯನ್ನು ಎದೆಗೆ ಆನಿಸಿ, ಫಲಕವನ್ನು ಎಡಗಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದೆ. ಭಾಮೈದ ದಾರಿಯುದ್ದಕ್ಕೂ, "ಸಾಕು ಭಾವ, ಎಲ್ಲರೂ ಹೋಗಾಯ್ತು, ಇನ್ನು ಕೈ ಇಳಿಸಿ" ಎನ್ನುತ್ತಲೇ ಇದ್ದ. ಹೆಂಡತಿ ಬಾಗಿಲು ತೆಗೆದು, ಫಲಕ ನೋಡಿ, ನನ್ನ ಮುಖ ನೋಡಿದಳು. ಅವಳು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ನಡೀರಿ ಆಸ್ಪತ್ರೆಗೆ" ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?" ಎಂದೆ.

"ನೆಗಡಿ ಬಂದ್ರೂ ಮನೆ ಹಾರಿಹೋಗೋ ಹಾಗೆ ಕೂಗೋರು ನೀವು. ಇವತ್ತು ಸುಮ್ಮನೆ ನಿಂತಿದೀರಿ. ನಿಮಗೆ ನಿಜವಾಗ್ಲೂ ನೋವಾಗಿದೆ."

ಮಾನ್ಯರೇ, ನನಗೆ ಅಳು ಬಂದದ್ದು ಅಲ್ಲಿ. ಫಲಕ ಕೊಟ್ಟಾಗ ಬಂದದ್ದು ಬರೀ ಕಣ್ಣೀರು.

ಮರುದಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾರ್ಖಾನೆಗೆ ಹೋದೆ. ಆರೋಗ್ಯ ವಿಭಾಗದವರು ಮುರಿದದ್ದು ಕೈಯಾದರೂ ಬಿದ್ದದ್ದು ಸುರಕ್ಷತೆಯ ವ್ಯಾಪ್ತಿಯಲ್ಲಿ ಎಂದರು. ಸುರಕ್ಷತೆಯವರು, ಅಣಕು ದುರಂತದಲ್ಲಿ ಆದ ಗಾಯ ಅಣಕು ಗಾಯವೇ ಆಗಬೇಕಲ್ಲವೇ, ಮೇಲಾಗಿ ಡ್ರಮ್ಮು ಪರಿಸರದವರದು ಎಂದರು. ಪರಿಸರದವರು ತುಂಬ ಹೊತ್ತು ಯೋಚಿಸಿ, ಮೂಳೆ ತಮಗೆ ಸಂಬಂಧಿಸಿದ್ದಲ್ಲ, ಆದರೆ ಪ್ಲಾಸ್ಟರ್ ತೆಗೆದ ಮೇಲೆ ಅದನ್ನು ಯಾವ ಬಣ್ಣದ ಡ್ರಮ್ಮಿಗೆ ಹಾಕಬೇಕೆಂಬುದನ್ನು ಸಭೆ ಸೇರಿ ತಿಳಿಸುತ್ತೇವೆ ಎಂದರು. ಮೂವರೂ ಕೈ ತೊಳೆದುಕೊಂಡರು. ತೊಳೆದುಕೊಳ್ಳಲಾಗದವನು ನಾನೊಬ್ಬನೇ, ಪ್ಲಾಸ್ಟರ್ ನೆನೆಸಬಾರದಂತೆ.

ಇಷ್ಟರವರೆಗೆ ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಮಲಗಿಕೊಂಡು ಯೋಚಿಸಿದಾಗ ನಗು ನಿಲ್ಲುತ್ತದೆ. ಡ್ರಮ್ಮುಗಳು ಇವತ್ತಿಗೂ ಅಲ್ಲೇ ಇವೆ. ಒಂದು ದಿನ ಸೈರನ್ ನಿಜಕ್ಕೇ ಕೂಗಿದರೆ ನಮ್ಮ ವಿಭಾಗದವರೆಲ್ಲ ಆ ಅರ್ಧ ಬಾಗಿಲಿಗೇ ಓಡುತ್ತಾರೆ. ಅವರಲ್ಲಿ ನನ್ನ ಭಾಮೈದ ಇರುತ್ತಾನೆ, ಅವನ ಹಿಂದೆ ಲೇಬಲ್ ಅಂಟಿಸುವ ತುಂಬು ಗರ್ಭಿಣಿ ಹೆಂಗಸು ಇರುತ್ತಾಳೆ. ಅವಳನ್ನು ಓರೆ ಮಾಡಿ ದಾಟಿಸಲು ಆಗುವುದಿಲ್ಲ. ಹಗುರವಾಗಿರುವವನು ನಾನೊಬ್ಬ ದಾಟಿಕೊಂಡು ಹೊರಗೆ ನಿಂತು ಏನು ಮಾಡಲಿ, ಚಪ್ಪಾಳೆ ತಟ್ಟಲೇ? ನನಗೆ ಭಯವಾಗುತ್ತದೆ. ಇದನ್ನು ನಟನೆಯೆಂದು ದಯವಿಟ್ಟು ತಿಳಿಯಬೇಡಿ.

ನನ್ನ ಬೇಡಿಕೆ ಬಲು ಸಣ್ಣದು. ಆ ಮೂರು ಡ್ರಮ್ಮುಗಳನ್ನು ಅಲ್ಲಿಂದ ಎತ್ತಿಸಿ. ಎದುರು ಗೋಡೆಗೆ ಒಂದು ತಗಡಿನ ಸೂರು ಹಾಕಿಸಿದರೆ ಕಸಕ್ಕೂ ನೆರಳಾಗುತ್ತದೆ, ನೊಣಗಳಿಗೂ ವಾಸವಾಗುತ್ತದೆ, ನಮಗೂ ಬಾಗಿಲಾಗುತ್ತದೆ. ಇದಕ್ಕೆ ಸಭೆ ಬೇಕಿಲ್ಲ, ನಾಲ್ಕು ಜನ ಸಾಕು. ನನ್ನ ಎಡಗೈಯೂ ಬರುತ್ತದೆ.

ಅದಕ್ಕೂ ಪುರುಸೊತ್ತಿಲ್ಲವೆಂದರೆ ಇನ್ನೊಂದು ದಾರಿಯಿದೆ. ಮುಂದಿನ ತಿಂಗಳು ಮತ್ತೆ ಅಣಕು ದುರಂತವಿದೆ, ಮುಖ್ಯ ಅತಿಥಿ ತಾವೇ. ಈ ಸಲ ಸ್ಟ್ರೆಚರ್ ಮೇಲೆ ತಾವು ಮಲಗಬೇಕು. ತಾವು ನನ್ನಷ್ಟು ಹಗುರವಿಲ್ಲ, ಆದರೂ ಹುಡುಗರು ಹೊರುತ್ತಾರೆ. ಅದೇ ಹಿಂಬಾಗಿಲಿನಿಂದ ತಮ್ಮನ್ನು ಓರೆ ಮಾಡಿ ದಾಟಿಸುತ್ತೇವೆ. ತಾವು ಎಷ್ಟು ಕೂಗಿದರೂ ನಾವು ಚಪ್ಪಾಳೆ ತಟ್ಟುತ್ತೇವೆ, ನಮಗೆ ಕಲಿಸಿಕೊಟ್ಟಿರುವುದು ಅಷ್ಟೇ. ಆದರೆ ನಿಜವಾಗಿ ನೋವಾದರೆ ಕೂಗಬೇಡಿ, ಸುಮ್ಮನಿದ್ದುಬಿಡಿ. ನನ್ನ ಹೆಂಡತಿಯನ್ನು ಕರೆತಂದಿರುತ್ತೇನೆ. ಅವಳಿಗೆ ಗೊತ್ತಾಗುತ್ತದೆ.

ಇಂತಿ,
ವರ್ಷದ ಅತ್ಯುತ್ತಮ ಗಾಯಾಳು,
ಮುಚ್ಚಳ ವಿಭಾಗ
(ಸಹಿ ಎಡಗೈಯದು, ಅಕ್ಷರ ಹೆಂಡತಿಯದು, ಕೋಪ ಇಬ್ಬರದೂ.)