ಕೆಳಗಿಳಿದವರು ಗೌಂಡಿಗಳಲ್ಲವೇ?

ಶಲವಡಿ, ಮೇ ೧೯೭೫

ಕಟ್ಟಡ ಕಸಬಿನ ತರಬೇತಿ ಪರಿವೀಕ್ಷಣಾಧಿಕಾರಿಗಳಲ್ಲಿ,

ಮಾನ್ಯರೇ,

ನಮ್ಮೂರ ಬಾಲವಾಡಿಯ ಗೋಡೆ ಕಟ್ಟಿದವರು ರೇವವ್ವ ಮತ್ತು ಆಕೆಯ ಜೊತೆಯ ಹೆಣ್ಣುಮಕ್ಕಳು. ತಾವು ಗೌಂಡಿಯೆಂದು ಪ್ರಮಾಣಪತ್ರ ಕಳುಹಿಸಿದ್ದು ಹಿಟ್ಟಿನ ಗಿರಣಿಯ ಸಣ್ಣಪ್ಪನಿಗೆ. ಈ ತಪ್ಪನ್ನು ತಿದ್ದಬೇಕೆಂದು ನಾನು ಖಾಸಗಿಯಾಗಿ ಬರೆದೆ. "ಪ್ರತ್ಯಕ್ಷ ಪರಿಶೀಲನೆಯ ವರದಿಯನ್ನು ಬದಲಿಸಲು ಅವಕಾಶವಿಲ್ಲ" ಎಂದು ತಮ್ಮ ಕಚೇರಿ ಉತ್ತರಿಸಿತು. ಕಣ್ಣೆದುರಿನದನ್ನು ಪ್ರತ್ಯಕ್ಷವೆನ್ನುತ್ತಾರೆಂದು ನಾನು ಮಕ್ಕಳಿಗೆ ಕಲಿಸಿದ್ದೆ. ಅಂದು ತಮ್ಮ ಕಣ್ಣೆದುರು ಏನಿತ್ತೆಂಬುದನ್ನು ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳಬೇಕಾಗಿದೆ.

ಹತ್ತಿ ಬಿಡಿಸುವ ಸುಗ್ಗಿ ಮುಗಿದ ಮೇಲೆ ನಮ್ಮ ಹೆಣ್ಣುಮಕ್ಕಳು ಕಟ್ಟಡಗಳಲ್ಲಿ ಗಚ್ಚಿನ ಬುಟ್ಟಿ ಹೊರುತ್ತಾರೆ, ಹೊರುತ್ತಲೇ ಮುದುಕಿಯರಾಗುತ್ತಾರೆ. ರೇವವ್ವನ ನೆತ್ತಿಯ ಕೂದಲು ಬುಟ್ಟಿಯಡಿ ಇಡುವ ಬಟ್ಟೆಯ ಸಿಂಬಿಯ ಕೆಳಗೆ ಸವೆದುಹೋಗಿದೆ. ಗಚ್ಚು ಮೆತ್ತುವ ಥಾಪಿ ಹಿಡಿದು ಗೋಡೆ ಕಟ್ಟುವುದು ಮಾತ್ರ ಗಂಡಸರ ಪಾಲು. ಇದನ್ನು ಬದಲಿಸಲೆಂದು ಕಳೆದ ವರ್ಷ ಊರು ಒಂದಾಯಿತು. ಬಾಲವಾಡಿಯನ್ನು ಕಟ್ಟುತ್ತಲೇ ಇವರು ಕಲಿಯಲೆಂದು ಮಠದ ಸಮಿತಿ ಜಾಗ ಕೊಟ್ಟಿತು, ಮಸೀದಿಯ ಜಮಾತಿನವರು ತಮ್ಮಲ್ಲಿ ಉಳಿದಿದ್ದ ಕಲ್ಲು ಕೊಟ್ಟರು, ಮಹಿಳಾ ಮಂಡಳದವರು ಮನೆಮನೆ ತಿರುಗಿ ಕಲಿಯುವವರನ್ನು ಕೂಡಿಸಿದರು. ಕಲಿಸಲು ಒಪ್ಪಿದವರು ಹಿರಿಯ ಗೌಂಡಿ ಅಲ್ಲಾಸಾಬರು. ಅವರ ಕಸಬಿನವರೇ ಮೊದಲು ಕೆಣಕಿದರು: "ಕಾಕಾ, ಇನ್ನ ರೊಟ್ಟಿ ಬಡಿಯಾಕ ನಾವು ಹೋಗಬೇಕೇನ?"

"ಹೋಗ್ರೋ. ನಿಮ್ಮ ಗ್ವಾಡಿ ಅಂತೂ ನೋಡೀನಿ. ರೊಟ್ಟಿನಾದ್ರೂ ನೆಟ್ಟಗ ಬರ್ತಾವೇನ ನೋಡೂಣು," ಎಂದರು ಅಲ್ಲಾಸಾಬರು.

ತಾವು ಬಂದು ಕೆಲಸ ನೋಡಿ ಒಪ್ಪಿದರೆ, ಮಳೆಗಾಲ ಕಳೆದ ಮೇಲೆ ನವಲಗುಂದದಲ್ಲಿ ಆರಂಭವಾಗುವ ಸರಕಾರಿ ಕಟ್ಟಡದಲ್ಲಿ ಇವರನ್ನು ಗೌಂಡಿಗಳೆಂದೇ ತೆಗೆದುಕೊಳ್ಳುವ ಮಾತಾಗಿತ್ತು. ಒಪ್ಪದಿದ್ದರೆ ಮತ್ತೆ ಬುಟ್ಟಿ. ರೇವವ್ವನ ಪಾಲಿಗೆ ಆ ದಿನದ ಬೆಲೆ ಅಷ್ಟು.

ತಾವು ಬಸ್ಸಿಗೆ ಬರುವಿರೆಂದು ತಿಳಿದು ನಾನು ಹಾರ ಹಿಡಿದುಕೊಂಡು ನಿಲ್ದಾಣದಲ್ಲಿ ಕಾದೆ. ತಾವು ಜೀಪಿನಲ್ಲಿ, ಊರಿನ ಇನ್ನೊಂದು ಕಡೆಯ ಅಣ್ಣಿಗೇರಿ ರಸ್ತೆಯಿಂದ ಬಂದಿರಿ. ಅಂದು ಶುಕ್ರವಾರ, ಅಲ್ಲಾಸಾಬರು ನಮಾಜಿಗೆ ಹೋಗಿದ್ದರು. ಮುಂದಿನದನ್ನು ನನಗೆ ಹೇಳಿದವಳು ಅವರ ಸೊಸೆ ಖಾಸಿಂಬಿ. ಆಕೆಯೂ ಗೋಡೆ ಕಟ್ಟುತ್ತ ಅಟ್ಟಣಿಗೆಯ ಮೇಲಿದ್ದಳು. ಜೀಪು ನಿಂತದ್ದನ್ನು ಕಂಡು ಮಠದ ಸಮಿತಿಯ ಶಂಭುಲಿಂಗಪ್ಪನವರು ಕೂಗಿದರಂತೆ:

"ಏ ರೇವವ್ವಾ, ಸಾಹೇಬ್ರು ಬಂದಾರ! ಇನ್ನೂ ಮ್ಯಾಲ ನಿಂತೀಯಲ್ಲ ಬೇ? ಇಳೀರಿ ತಳಗ!"

ಹಿರಿಯರು ಹಾದುಹೋಗುವಾಗ ಕಟ್ಟೆಯಿಂದ ಇಳಿದು, ಸೆರಗು ಹೊದ್ದು ನಿಲ್ಲುವುದು ನಮ್ಮ ಹೆಣ್ಣುಮಕ್ಕಳು ನಡೆಯಲು ಕಲಿತ ದಿನದಿಂದ ಕಲಿತ ಮರ್ಯಾದೆ. ಅವರು ಇಳಿದರು. ಗೌಂಡಿಯಾದವರು ಥಾಪಿಯನ್ನು ನೆಲಕ್ಕೆ ಇಡುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಪೂಜೆಯಾಗುತ್ತದೆ. ಆದ್ದರಿಂದ ರೇವವ್ವ ತನ್ನ ಥಾಪಿಯನ್ನು, ನೋಡಲು ಬಂದು ನಿಂತಿದ್ದ ಸಣ್ಣಪ್ಪನ ಕೈಗೆ ಕೊಟ್ಟಳು. ಸಾಹೇಬರೆದುರು ಬರಿಗೈಯಲ್ಲಿ ನಿಂತರೆ ಕೆಲಸಗಳ್ಳಿ ಎಂದಾರೆಂದು ಗಚ್ಚಿನ ಬುಟ್ಟಿಯನ್ನು ತಲೆಗೇರಿಸಿದಳು; ಉಳಿದವರೂ ಹಾಗೆಯೇ ಮಾಡಿದರು. ತಾವು ಸಣ್ಣಪ್ಪನನ್ನು ಕೇಳಿದಿರಿ:

"ಗೌಂಡಿ ನೀವೇ ಏನ್ರಿ?"

"ಹೌದ್ರಿ ಸಾಹೇಬ್ರ."

"ಎಷ್ಟು ವರ್ಷದ ಕಸಬು?"

"ನಮ್ಮಪ್ಪನ ಕಾಲದಿಂದ್ರಿ."

ಆತ ಹೇಳಿದ್ದು ಗಿರಣಿಯ ಮಾತು. ಸಾಹೇಬರಿಗೆ ಇಲ್ಲವೆನ್ನುವುದು ಆತನ ಮನೆತನದಲ್ಲಿಯೇ ಇಲ್ಲ. ತಾವು ಚಹಾ ಕುಡಿದು ಹೊರಟಿರಿ. "ಸ್ತ್ರೀಯರು ಬುಟ್ಟಿ ಹೊರುವ ಕೆಲಸದಲ್ಲಿ ಮಾತ್ರ ಕಂಡುಬಂದರು" ಎಂದು ವರದಿ ಬರೆದಿರಿ. ಮಾನ್ಯರೇ, ಅವರು ಬುಟ್ಟಿ ಹೊತ್ತದ್ದು ತಮ್ಮ ಮೇಲಿನ ಗೌರವದಿಂದ! ತಮಗೆ ಮರ್ಯಾದೆ ತೋರಿದ ತಪ್ಪಿಗೆ ಕಸಬು ಕಳೆದುಕೊಳ್ಳಬೇಕೆಂಬ ನಿಯಮ ಯಾವ ಸುತ್ತೋಲೆಯಲ್ಲಿದೆ? ಒಂದು ಕಲ್ಲು ಇಟ್ಟು ತೋರಿಸೆಂದು ಸಣ್ಣಪ್ಪನನ್ನು ಕೇಳಲು ತಮಗೇನು ಅಡ್ಡಿಯಿತ್ತು? ಆತನ ಮೈಮೇಲಿದ್ದುದು ಗಚ್ಚಲ್ಲ, ಜೋಳದ ಹಿಟ್ಟು ಎಂಬುದೂ ಪ್ರತ್ಯಕ್ಷವಾಗಲಿಲ್ಲವೇ? ಮಹಿಳಾ ವರ್ಷವೆಂದು ಆಕಾಶವಾಣಿ ದಿನವೂ ಸಾರುತ್ತಿದೆ. ನಮ್ಮೂರಿಗೆ ಆ ವರ್ಷ ಜೀಪಿನಿಂದ ಇಳಿಯಲೇ ಇಲ್ಲ.

ಉಳಿದ ಗೋಡೆ ಸಣ್ಣಪ್ಪನ ಮೇಲ್ವಿಚಾರಣೆಯಲ್ಲಿ ಮುಗಿಯಬೇಕೆಂದು ಈಗ ಆದೇಶ ಬಂದಿದೆ. ಆತ ಪ್ರಮಾಣಪತ್ರವನ್ನು ಸುಡುವ ಕೆಂಡದಂತೆ ಹಿಡಿದು ನನ್ನಲ್ಲಿಗೆ ಬಂದ. "ಮಾಸ್ತರ್ರ, ನನಗ ಗಿರಣಿ ಕಲ್ಲು ಬಿಟ್ರ ಬ್ಯಾರೆ ಕಲ್ಲು ಗೊತ್ತಿಲ್ರಿ. ರೇವವ್ವ ಎದುರಿಗೆ ಬಂದ್ರ ನಾ ಓಣಿ ತಪ್ಪಿಸಿ ಹೊಂಟೀನಿ. ಇದನ್ನ ಹ್ಯಾಂಗ ತಿರುಗಿ ಕೊಡೂದ್ರಿ?" ಆತನ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ, ಉತ್ತರ ತಿಳಿಸಿ.

ಗೋಡೆ ಕಿಟಕಿಯ ಮೇಲ್ಮಟ್ಟದಲ್ಲಿ ನಿಂತಿದೆ. ಮುಂಗಾರು ಬಂದರೆ ಅದರ ತೆರೆದ ತಲೆಯೊಳಗೆ ನೀರಿಳಿಯುತ್ತದೆ. ಖಾಸಿಂಬಿ ಆಗಲೇ ಬೇರೆಡೆ ಬುಟ್ಟಿ ಹೊರಲು ಹೋಗಿದ್ದಾಳೆ. ಕಲಿಯಲು ಇನ್ನೊಬ್ಬಳನ್ನು ಕಳುಹಿಸಿರೆಂದು ಕೇಳಲು ಹೋದರೆ ಮನೆಗಳ ಬಾಗಿಲುಗಳು ಅರ್ಧವೇ ತೆರೆಯುತ್ತವೆ. ನನ್ನನ್ನು ಕಾಡುವುದು ಇದು: ಊರೆಲ್ಲ ಸೇರಿ ಈ ಹೆಣ್ಣುಮಕ್ಕಳ ಕೈಗೆ ಕಸಬು ಕಲಿಸಿದೆವು; ಮೇಲೆಯೇ ನಿಲ್ಲಿರೆಂದು ಹೇಳುವುದು ನಮ್ಮಲ್ಲೊಬ್ಬರಿಗೂ ಹೊಳೆಯಲಿಲ್ಲ. ಶಂಭುಲಿಂಗಪ್ಪನವರು ಈಗ ರೇವವ್ವನ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾರೆ.

ಆದ್ದರಿಂದ ನನ್ನ ಆಗ್ರಹವಿಷ್ಟೇ. ಮಳೆಗಿಂತ ಮೊದಲು ತಾವು ಮತ್ತೊಮ್ಮೆ ಬರಬೇಕು, ಕೆಳಗೆ ಕುಳಿತು, ಅವರು ಕಟ್ಟುವುದನ್ನು ನೋಡಬೇಕು, ಆಮೇಲೆ ಬರೆಯಬೇಕು. ಕುರ್ಚಿಯನ್ನು ನಮ್ಮ ಮನೆಯಿಂದಲೇ ತರಿಸುತ್ತೇನೆ. ಒಂದು ಮಾತನ್ನು ಮಾತ್ರ ಮುಂಚಿತವಾಗಿ ತಿಳಿಸುವುದು ನನ್ನ ಕರ್ತವ್ಯ. ನಿನ್ನೆ ರೇವವ್ವನಿಗೆ ಈ ಪತ್ರವನ್ನು ಓದಿ ಹೇಳಿದೆ. ಆಕೆ ಅಂದಳು:

"ಬರ್ಲಿ ಬಿಡ್ರಿ ಮಾಸ್ತರ್ರ. ಈ ಸಲ ನಾ ಇಳಿಯೂದಿಲ್ಲ. ಮ್ಯಾಲಿಂದನ ಶರಣು ಅಂತೀನಿ. ಸಾಹೇಬ್ರಿಗೆ ಹೇಳ್ರಿ, ಸಿಟ್ಟಾಗಬ್ಯಾಡ್ರಿ ಅಂತ."

ಹೇಳಿದ್ದೇನೆ.

ಇಂತಿ,
ತಪ್ಪು ರಸ್ತೆಯಲ್ಲಿ ಹಾರ ಹಿಡಿದು ತಮ್ಮನ್ನು ಕಾದಿದ್ದ,
ಮಡಿವಾಳೆಪ್ಪ, ನಿವೃತ್ತ ಮುಖ್ಯಾಧ್ಯಾಪಕ