ಪಕ್ಕದ ಮನೆಯ ಹೆಂಚು

ಪ್ರೀತಿಯ ಓನರಮ್ಮನಿಗೆ, ನಿಮ್ಮ ವಠಾರದ ಮೂರನೇ ಮನೆಯ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು.

ಬಾಡಿಗೆದಾರನೊಬ್ಬ ಮನೆ ಓನರಿಗೆ ಪ್ರೀತಿಯಿಂದ ಪತ್ರ ಬರೆದ ಉದಾಹರಣೆ ಅರಸೀಕೆರೆ ತಾಲ್ಲೂಕಿನಲ್ಲಂತೂ ಇರಲಾರದು. ನೀವೂ ಇದನ್ನು ಒಡೆಯುವ ಮೊದಲೇ "ಏನಯ್ಯ, ಮತ್ತೆ ನಲ್ಲಿ ಮುರ್ದಾಕಿದ್ಯಾ?" ಅಂದಿರುತ್ತೀರಿ. ಇಲ್ಲ ಓನರಮ್ಮ, ನಲ್ಲಿ ಕ್ಷೇಮ. ವಠಾರದ ಸುದ್ದಿಯೇ ಸ್ವಲ್ಪ ಉದ್ದ ಇದೆ. ಕೂತು ಓದಿ. ಅಲ್ಲಿ ನಿಮ್ಮ ಕಲ್ಲುಬೆಂಚಿನಂಥದ್ದು ಇದೆಯೋ ಇಲ್ಲವೋ...

ನಾನು ಮನೆ ಕೇಳಿಕೊಂಡು ಬಂದ ದಿನ ನೆನಪಿದೆಯಾ? ಸ್ಟೇಷನ್ ಕಡೆಯಿಂದ ಬೆವರು ಒರೆಸಿಕೊಳ್ಳುತ್ತಾ ಬಂದವನಿಗೆ ನೀರು ಕೊಟ್ಟಿರಿ. ಕುಡಿಯುವುದಕ್ಕೂ ಬಿಡದೆ ವಿಚಾರಣೆ ಶುರು. ಪತ್ರಿಕೆಯಲ್ಲಿ ನಗೆಬರಹ ಬರೆಯುತ್ತೇನೆ ಎಂದೆ. "ಅದ್ಕೂ ಸಂಬ್ಳ ಕೊಡ್ತಾರಾ?" ಎಂದು ಮರುಗಿದಿರಿ. ಜಾತಿ ಕೇಳಲಿಲ್ಲ, ಮೊಟ್ಟೆ ತಿನ್ನುತ್ತೀಯಾ ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ: "ಗ್ವಾಡೆಗೆ ಮೊಳೆ ಹೊಡೀತೀಯಾ?" ಇಲ್ಲ ಎಂದೆ. "ಹಂಗಾರೆ ಬಾ. ಮಣ್ಣಿನ್ ಗ್ವಾಡೆ ಕಣಯ್ಯ. ನೀನ್ ಈಚೆ ಮೊಳೆ ಹೊಡದ್ರೆ ಆಚೆ ಮನೆಯೋರ ದೇವ್ರ ಪಟ ಬೀಳ್ತದೆ." ಅಂದಿನಿಂದ ನನ್ನ ಕ್ಯಾಲೆಂಡರ್ ಕಿಟಕಿಯ ಸರಳಿನಲ್ಲೇ ನೇತಾಡುತ್ತಿದೆ. ಪಕ್ಕದ ರಾಜಣ್ಣನ ಮದುವೆ ಫೋಟೋ ಅಕ್ಕಿ ಡ್ರಮ್ಮಿಗೆ ಒರಗಿ ನಿಂತು ಸುಸ್ತಾಗಿದೆ.

ಮುಂಗಾರಿಗೆ ಮುಂಚಿನ ಆ ಭಾನುವಾರಗಳನ್ನು ಮರೆಯುವುದುಂಟೆ? ಒಡೆದ ಹೆಂಚು ತೆಗೆದು, ಜರುಗಿದ್ದನ್ನು ಕೂರಿಸುವ ದಿನ. ಊರಿನವರೆಲ್ಲ ಅವರವರ ಸೂರು ಹತ್ತುತ್ತಾರೆ. ನಮ್ಮ ವಠಾರದಲ್ಲಿ ಮಾತ್ರ ತನ್ನ ಮನೆ ಸೂರು ತಾನು ಹತ್ತುವಂತಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ ರಾಜಣ್ಣ ಶಾಂತಕ್ಕನ ಸೂರಿನ ಮೇಲೆ. ಸ್ಟೇಷನ್ನಿನಲ್ಲಿ ಇಡ್ಲಿ ಮಾರುವ ಶಾಂತಕ್ಕ, ಸೆರಗು ಬಿಗಿದು, ನನ್ನದರ ಮೇಲೆ. ಏಣಿ ಕಂಡರೆ ನಡುಗುವ ನಾನು ರಾಜಣ್ಣನದರ ಮೇಲೆ. ನೀವು ಕೆಳಗೆ ಕಲ್ಲುಬೆಂಚಿನಲ್ಲಿ ಕೂತು, ಕೋಲಿನಿಂದ ತೋರಿಸಿ ತೋರಿಸಿ ಬೈಯುವುದು. ಯಾಕೆ ಈ ವಿಚಿತ್ರ ಕಾನೂನು ಎಂದು ಒಮ್ಮೆ ಕೇಳಿದ್ದೆ. "ತನ್ ಮನೆ ತಾನೇ ಮಾಡ್ಕಂಡ್ರೆ ಒಳ್ಳೆ ಹೆಂಚೆಲ್ಲಾ ತನ್ ಕಡೀಕೇ ಎಳ್ಕತಾನೆ. ಪಕ್ಕದ್ ಮನೇದು ಮಾಡುವಾಗ ನಿಯತ್ತು ಬತ್ತದೆ, ನಾಳೆ ಅವ್ನೂ ಯಾರದೋ ಸೂರ್ ಮೇಲಿರ್ತಾನಲ್ಲ!" ಎಂದಿರಿ. ಆಗ ನಕ್ಕೆ. ಅದನ್ನೊಂದು ನಗೆಬರಹ ಮಾಡಿ ಸಂಭಾವನೆಯನ್ನೂ ತೆಗೆದುಕೊಂಡೆ.

ನಿಮ್ಮ ತಿಥಿಯ ಊಟ ಮುಗಿದ ದಿನ ನಿಮ್ಮ ಮಗಳು ಲಲಿತಮ್ಮ ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ಮಾದಿಹಳ್ಳಿಯಿಂದ ಬಂದು ಮೂರು ಹೊತ್ತೂ ಅತ್ತು ಕಣ್ಣು ಊದಿದ್ದವು ಪಾಪ. "ವಠಾರ ಕೊಡ್ತಾ ಇದೀನಿ ಕಣ್ರಪ್ಪ. ಯಾರೋ ಲಾಡ್ಜ್ ಕಟ್ತಾರಂತೆ. ದೀಪಾವಳಿ ಒಳ್ಗೆ ನೀವೂ ಒಂದೊಂದ್ ಮನೆ ನೋಡ್ಕಳಿ" ಎಂದರು. ಸಂಜೆ ಶಾಂತಕ್ಕ ಇಡ್ಲಿ ಪಾತ್ರೆ ಉಜ್ಜುತ್ತಾ ಮೆಲ್ಲಗೆ ಹೇಳಿದಳು: "ಕಣಕಟ್ಟೇಲಿ ತಮ್ಮನ ಮನೆ ಐತೆ, ಇರಬೋದು. ಆದ್ರೆ ಅಲ್ಲಿಂದ ಮೊದಲ್ನೇ ಬಸ್ಸಿಗೆ ಬಂದ್ರೂ ರೈಲೂ ಹೋಗಿರ್ತದೆ, ಇಡ್ಲೀನೂ ಆರಿರ್ತದೆ. ಆರಿದ್ ಇಡ್ಲಿ ಯಾರ್ ತಿಂತಾರೆ?" ಈ ಬಾಡಿಗೆಗೆ ಸ್ಟೇಷನ್ ಹತ್ತಿರ ಈಗ ಯಾರು ಮನೆ ಕೊಡುತ್ತಾರೆ, ನೀವೇ ಹೇಳಿ? ಈಗಿನ ಓನರುಗಳು ಆ ದುಡ್ಡಿಗೆ ಏಣಿಯನ್ನೂ ಬಾಡಿಗೆಗೆ ಕೊಡುವುದಿಲ್ಲ.

ಬರಹಗಾರ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಶೋಧನೆಗೆ ನೇಮಿಸಿದರು. "ನಿಂಗ್ ಗೊತ್ತಿರ್ತದೆ ಬಿಡು, ಬಡವ್ರ ಮನೆ ಉಳ್ಸೋ ಸಂಸ್ಥೆ ಎಲ್ಲಾದ್ರೂ ಇದ್ದೇ ಇರ್ತದೆ" ಎಂದ ರಾಜಣ್ಣ. ಫೋನಿನಲ್ಲಿ "ಕಡಿಮೆ ಬಾಡಿಗೆಯ ಮನೆ ಉಳಿಸುವುದು ಹೇಗೆ" ಎಂದು ಹುಡುಕಿದೆ. ಅಷ್ಟೇ. ಅಂದಿನಿಂದ ದಿನಾ ಒಬ್ಬಳು ಹುಡುಗಿ "ಸರ್, ವಿಲ್ಲಾ ನೋಡ್ತೀರಾ? ಈಜುಕೊಳ ಇದೆ" ಎಂದು ಕೇಳುತ್ತಾಳೆ. ಒಂದು ಕಚೇರಿಗೆ ಹೋದರೆ ಅಲ್ಲಿನವರು ಬಹಳ ಒಳ್ಳೆಯವರು, ಕುರ್ಚಿ ಕೊಟ್ಟರು. "ಮನೆ ಇಲ್ಲದವರಿಗೆ ಯೋಜನೆ ಇದೆ. ನಿಮಗೆ ಸದ್ಯಕ್ಕೆ ಮನೆ ಇದೆಯಲ್ಲ? ಕೆಡವಿದ ಮೇಲೆ ಬನ್ನಿ" ಎಂದರು. ಹಳೇಬೀಡಿನ ಮೇಲೆ ಬಸ್ಸು ಹಾದಾಗ ಒಂದು ಹುಚ್ಚು ಯೋಚನೆಯೂ ಬಂತು. ಅಲ್ಲಿ ಮೂಗು ಮುರಿದ ವಿಗ್ರಹಕ್ಕೂ ಬೇಲಿಯಿದೆ, ಕಾವಲುಗಾರನಿದ್ದಾನೆ. ನಮ್ಮ ಶಾಂತಕ್ಕನನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿಬಿಟ್ಟರೆ...

ಶಾಂತಕ್ಕನ ಇಡ್ಲಿಯೇ ಕೊನೆಗೆ ದಾರಿ ತೋರಿಸಿತು. ರೈಲಿಗೆ ಕಾಯುತ್ತಿದ್ದ ಬಿಕ್ಕೋಡು ಕಡೆಯ ಹೆಂಗಸೊಬ್ಬಳು ಚಟ್ನಿ ಹಾಕಿಸಿಕೊಳ್ಳುತ್ತಾ ತಮ್ಮ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಕಥೆ ಹೇಳಿದಳಂತೆ. ತೋಟ ಮಾರಾಟವಾದಾಗ ಬೇಲೂರಿನ ಒಂದು ಸಣ್ಣ ಸಂಸ್ಥೆಯವರು ನಡುವೆ ಕೂತು, ಹೊಸ ಯಜಮಾನರೊಂದಿಗೆ ಮಾತಾಡಿ, ಕೂಲಿಯವರು ಅಲ್ಲೇ ಇರುವಂತೆ ಕರಾರು ಮಾಡಿಸಿಕೊಟ್ಟಿದ್ದರು. ಮೂವರೂ ಬೇಲೂರಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಒಂದು ಮೇಜು, ಅದರ ಹಿಂದೆ ಜಯಂತಿ ಮೇಡಂ.

"ನಿಮ್ಮ ಸಂಘದ ಹೆಸರೇನು?" ಎಂದು ಕೇಳಿದರು.

"ಸಂಘ ಇಲ್ಲ ಮೇಡಂ."

"ಎಲ್ಲರೂ ಒಟ್ಟಿಗೆ ಏನಾದರೂ ಮಾಡ್ತೀರಾ?"

"ಜಗಳ ಆಡ್ತೀವಿ" ಎಂದಳು ಶಾಂತಕ್ಕ.

ಮೇಡಂ ನಕ್ಕರು. "ಒಬ್ಬೊಬ್ಬರಿಗೆ ಮನೆ ಹುಡುಕಿಕೊಡೋದು ನಮ್ಮ ಕೆಲಸ ಅಲ್ಲ ಕಣ್ರೀ. ಇರೋ ಮನೆ ಉಳೀಬೇಕು ಅಂದ್ರೆ ಇರೋರೆಲ್ಲ ಒಂದಾಗಿ ಓನರ್ ಹತ್ರ ಮಾತಾಡ್ಬೇಕು. ಅವರು ಯಾಕೆ ಮಾರ್ತಿದಾರೆ, ಕೇಳಿದೀರಾ?"

ಅಷ್ಟು ಊರು ಸುತ್ತಿದರೂ ಅದನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮೇಡಂ ವಠಾರ ನೋಡಲು ಬಂದ ದಿನವೇ ಮಳೆ ಹಿಡಿದುಕೊಳ್ಳಬೇಕೆ? ಈಗ ನೀವು ಕೋಲು ಕೆಳಗಿಡಿ, ಹೇಳಿಬಿಡುತ್ತೇನೆ. ಈ ವರ್ಷ ನೀವಿಲ್ಲವಲ್ಲ, ಎಲ್ಲರೂ ಅವರವರ ಸೂರನ್ನು ಅವರವರೇ ಹತ್ತಿದ್ದೆವು. ಅದೂ ಪಕ್ಕದವರು ಕೆಲಸಕ್ಕೆ ಹೋದ ಸಮಯ ನೋಡಿ. ನೀವು ಹೇಳಿದಂತೆಯೇ ಆಯಿತು. ನಾನು ರಾಜಣ್ಣನ ಕಡೆಯ ಗಟ್ಟಿ ಹೆಂಚು ಎಳೆದುಕೊಂಡೆ, ಅವನು ಶಾಂತಕ್ಕನ ಕಡೆಯದು, ಶಾಂತಕ್ಕ ನನ್ನದು. ಸೂರು ಒಂದೇ, ಗೋಡೆ ಒಂದೇ. ನೀರಿಗೇನು ಗೊತ್ತು ಯಾರ ಬಾಡಿಗೆ ಎಲ್ಲಿಗೆ ಮುಗಿಯುತ್ತದೆ ಎಂದು? ಎಲ್ಲರ ಮನೆಯೂ ಸಮಾನವಾಗಿ ಸೋರಿತು. ಸಮಾನತೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆವತ್ತೇ.

ಇಡ್ಲಿ ತಟ್ಟೆಗಳೆಲ್ಲ ನೆಲದ ಮೇಲೆ ಸೋರುವ ನೀರು ಹಿಡಿಯುತ್ತಿದ್ದವು. "ಯಾರು ಮಾಡಿದ್ದು ಈ ಸೂರು?" ಎಂದರು ಮೇಡಂ. ಕಡೆಗೆ ಶಾಂತಕ್ಕ ಬಾಯಿಬಿಟ್ಟಳು. ನಿಮ್ಮ ಕಾನೂನನ್ನೂ ಹೇಳಿದಳು, ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಮೇಡಂ ಅಂದರು: "ಸಂಘ ಇಲ್ಲ ಅಂದ್ರಲ್ಲ? ಇತ್ತು. ನೀವೇ ಮುರಿದಿದ್ದೀರಿ."

ಲಲಿತಮ್ಮನನ್ನು ಕೇಳಲು ಮಾದಿಹಳ್ಳಿಗೆ ಹೋದಾಗ ಅವರು ಹಸುವಿಗೆ ಬೂಸಾ ಕಲೆಸುತ್ತಿದ್ದರು. ಕೈ ತೊಳೆಯದೆಯೇ ಹೇಳಿದರು: "ನಂಗೇನ್ ಲಾಡ್ಜ್ ಕಟ್ಟೋ ಆಸೆನಾ? ಮಳೆ ಬಂದ್ರೆ ಸಾಕು, ಅಮ್ಮಂಗೆ ಸೋರೋ ಸೂರಿಂದೇ ಚಿಂತೆ. ಆ ವಯಸ್ಸಲ್ಲೂ ಬೆಂಚಿನ್ ಮೇಲೆ ಕೂತು ಕೂಗಿ ಕೂಗಿ ಗಂಟ್ಲು ಹರ್ಕಂಡ್ಲು. ನನ್ ಕೈಲಿ ಆಗಲ್ಲ. ಗದ್ದೆ, ಹಸ ಬಿಟ್ಟು ಅಲ್ಲೀಗ್ ಬಂದು ನಿಮ್ ಹೆಂಚು ಯಾರ್ ನೋಡ್ತಾರೆ?" ಎಷ್ಟು ನ್ಯಾಯವಾದ ಮಾತು! ಲಾಡ್ಜಿನವರಿಗೆ ನಮ್ಮ ಜಾಗ ಬೇಕಿತ್ತು, ನಿಮ್ಮ ಮಗಳಿಗೆ ಬೇಕಿದ್ದದ್ದು ನೆಮ್ಮದಿ. "ಬರೋ ಭಾನುವಾರ ಒಂದ್ಸಲ ಬನ್ನಿ ಲಲಿತಮ್ಮ, ನೋಡಿ ಆಮೇಲೆ ಏನಾದ್ರೂ ಮಾಡಿ" ಎಂದು ಬಂದೆವು.

ಆ ಭಾನುವಾರ ಬಿಸಿಲು ಕಾಯ್ದಿತ್ತು. ಲಲಿತಮ್ಮ ಗೇಟು ತಳ್ಳಿಕೊಂಡು ಬಂದಾಗ ವಠಾರವೆಲ್ಲ ಸೂರಿನ ಮೇಲಿತ್ತು, ಒಬ್ಬರೂ ಸ್ವಂತ ಸೂರಿನ ಮೇಲಿಲ್ಲ. ಕದ್ದ ಹೆಂಚುಗಳು ನಾಚಿಕೊಂಡು ಹಿಂತಿರುಗುತ್ತಿದ್ದವು. "ಏನ್ಲಾ ಬರಹಗಾರ, ನನ್ ಸೂರ್ ಮೇಲೆ ಕತೆ ಬರೀತಿದ್ದೀಯಾ, ಹೆಂಚ್ ಕೂರಿಸ್ತಿದ್ದೀಯಾ?" ಎಂದು ರಾಜಣ್ಣ ಆಚೆಯಿಂದ ಕೂಗುತ್ತಿದ್ದ. ಲಲಿತಮ್ಮ ಸುಮ್ಮನೆ ನೋಡುತ್ತಾ ನಿಂತವರು, ನಿಧಾನಕ್ಕೆ ಹೋಗಿ ನಿಮ್ಮ ಬೆಂಚಿನ ಮೇಲೆ ಕೂತರು. ಒಂದು ಗಳಿಗೆ ಆಯಿತೋ ಇಲ್ಲವೋ, "ಅಯ್ಯೋ ಆ ತುದೀದು ಸರಿಯಾಗಿ ಕೂತಿಲ್ಲ ಕಣಯ್ಯ! ಕಣ್ಣೆಲ್ಲಿಟ್ಟಿದ್ದೀಯಾ?" ಎಂಬ ಗರ್ಜನೆ. ಓನರಮ್ಮ, ಸುಳ್ಳು ಹೇಳುವುದಿಲ್ಲ, ನೀವೇ ಬಂದಿರೆಂದು ಬೆದರಿ ನಾನು ಏಣಿಯನ್ನು ಅಪ್ಪಿಕೊಂಡೆ. ಎಲ್ಲರೂ ನಕ್ಕರು. ಲಲಿತಮ್ಮನೂ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು...

ಇರಲಿ. ನಿಮಗೆ ಗೊತ್ತಿಲ್ಲದ ಸುದ್ದಿ ಇದು: ವಠಾರ ಉಳಿಯಿತು. ಜಯಂತಿ ಮೇಡಂ ನಡುವೆ ಕೂತು ಕರಾರು ಮಾಡಿಸಿದರು. ವಠಾರ ಲಲಿತಮ್ಮನದೇ, ಬಹುಕಾಲಕ್ಕೆ ನಮ್ಮ ಸಂಘಕ್ಕೆ ಬಾಡಿಗೆಗೆ. ಬಾಡಿಗೆ ಕೊಂಚ ಏರಿದೆ, ಶಾಂತಕ್ಕನ ಇಡ್ಲಿ ತಾಳಿಕೊಳ್ಳುವಷ್ಟು. ಸೂರು, ಗೋಡೆ, ನಲ್ಲಿ ನಮ್ಮ ಹೊಣೆ. ಮುಂದೆಂದಾದರೂ ಮಾರುವುದಾದರೆ ಮೊದಲು ನಮ್ಮನ್ನು ಕೇಳಬೇಕು. ಇವತ್ತು ಬೆಳಿಗ್ಗೆಯೂ ಮೊದಲ ರೈಲಿಗೆ ಶಾಂತಕ್ಕನ ಇಡ್ಲಿ ಹಬೆಯಾಡುತ್ತಲೇ ತಲುಪಿತು.

ಸಂಘದ ಮೊದಲ ಸಭೆ ನಿನ್ನೆ ನಿಮ್ಮ ಮನೆಯ ಪಡಸಾಲೆಯಲ್ಲೇ ನಡೆಯಿತು. ಲಲಿತಮ್ಮ ನಿಮ್ಮ ದೊಡ್ಡ ಫೋಟೋ ಒಂದಕ್ಕೆ ಕಟ್ಟು ಹಾಕಿಸಿ ತಂದಿದ್ದರು, ಜೊತೆಗೆ ಸುತ್ತಿಗೆ, ಮೊಳೆ. "ಹೊಡೀರಿ ಯಾರಾದ್ರೂ" ಎಂದರು. ರಾಜಣ್ಣ ಸುತ್ತಿಗೆಯನ್ನು ನನಗೆ ಕೊಟ್ಟ, ನಾನು ಶಾಂತಕ್ಕನಿಗೆ ಕೊಟ್ಟೆ, ಶಾಂತಕ್ಕ ತಿರುಗಿ ಲಲಿತಮ್ಮನ ಕೈಗೇ ಇಟ್ಟಳು. ಅವರು ಗೋಡೆ ನೋಡಿದರು, ಫೋಟೋದೊಳಗಿನ ನಿಮ್ಮ ಮುಖ ನೋಡಿದರು, ಸುತ್ತಿಗೆಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡರು.

ನೀವೀಗ ನಿಮ್ಮದೇ ಅಕ್ಕಿ ಡ್ರಮ್ಮಿಗೆ ಒರಗಿ ನಿಂತಿದ್ದೀರಿ, ಓನರಮ್ಮ.