ನಿನ್ನ ಹಿಂಡಿನ ದುಡ್ಡಿಗೆ ಬಂದ ಗಾಡಿ

ಯಪ್ಪಾ,

ಮೊದಲು ಕೂತುಕೋ. ಈಗ ಎಲ್ಲಿದ್ದೀಯೋ ಅಲ್ಲೇ ಕಂಬಳಿ ಹಾಸಿ, ಕೋಲು ಪಕ್ಕಕ್ಕಿಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳು. ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಿನ್ನ ಮಗಳು ಮಾಯವ್ವ, ತಲೆ ನರೆಯುವ ವಯಸ್ಸಿನಲ್ಲಿ ಒಂದು ಗಾಡಿಯ ಹುಚ್ಚಿಗೆ ಬಿದ್ದಳು. ಕೈಯಲ್ಲಿ ಸೀಮೆಸುಣ್ಣ ಇದ್ದರೂ ಕಾಲು ಮಾತ್ರ ಆಕ್ಸಿಲರೇಟರ್ ತುಳಿಯುತ್ತಿತ್ತು. ಇದನ್ನು ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ನಿನ್ನ ಕೊನೆಯ ದಿನಗಳಲ್ಲಿ ಬಾಗಲಕೋಟೆಯ ದವಾಖಾನೆಯಲ್ಲಿ ನೀನು ಮಲಗಿದ್ದೆ. ಹಿಂಡನ್ನು ಮಾರಿ ನನಗೂ ಒಂದು ಪಾಲು ಕೊಡಬೇಕು ಅಂತ ನೀನೇ ಅವ್ವನಿಗೆ ಹೇಳಿದೆ. ಆಮೇಲೆ ನನ್ನ ಕಡೆ ತಿರುಗಿ, "ನಡಿಯೂದು ಏನರ ತಗೋ, ಮಗಳ. ನಿಂತಿರೂದು ತಗೋಬ್ಯಾಡ" ಅಂದೆ. ಬಂಗಾರ ನಿಂತಿರುತ್ತದೆ, ಸೈಟು ನಿಂತಿರುತ್ತದೆ, ಕುರಿ ನಡೆಯುತ್ತದೆ. ನಿನ್ನ ಲೆಕ್ಕದಲ್ಲಿ ನಡೆಯುವುದಷ್ಟೇ ಆಸ್ತಿ. ನವನಗರದಲ್ಲಿ ಸೈಟು ತಗೋ ಅಂತ ಎಲ್ಲರೂ ಹೇಳಿದರು. ನಾನು ತಗೊಳ್ಳಲಿಲ್ಲ, ಕುರಿ ಕಾಯುವುದೂ ನನ್ನಿಂದ ಆಗಲಿಲ್ಲ. ದುಡ್ಡು ಬ್ಯಾಂಕಿನಲ್ಲಿ ಬಿದ್ದಿತ್ತು. ಅದೂ ನಿಂತಂತೆಯೇ ಅಲ್ಲವೇ?

ಹುನಗುಂದದ ರಸ್ತೆಯಲ್ಲಿ ಆ ಒಂದು ಮಧ್ಯಾಹ್ನ ನಿನಗೆ ನೆನಪಿದೆಯಾ? ನಾನು ಅವತ್ತೇ ಹುಟ್ಟಿದ ಮರಿಯನ್ನು ಎತ್ತಿಕೊಂಡು ಹಿಂಡಿನ ಹಿಂದೆ ಬರುತ್ತಿದ್ದೆ. ಬರುವ ಗಾಡಿಗಳೆಲ್ಲ ಹಾರ್ನ್ ಒತ್ತಿ ಒತ್ತಿ ಕುರಿಗಳನ್ನು ಬೆದರಿಸುತ್ತಿದ್ದವು, ನೀನು ಅವರ ಮನೆತನವನ್ನೆಲ್ಲ ಜಾಲಾಡುತ್ತಿದ್ದೆ. ಆಗ ಒಂದು ಎತ್ತರದ ಕರಿ ಗಾಡಿ ಬಂತು. ಒಳಗಿದ್ದವನು ಎಂಜಿನ್ ಬಂದ್ ಮಾಡಿ, ಕೊನೆಯ ಕುಂಟ ಕುರಿ ದಾಟುವ ತನಕ ಸುಮ್ಮನೆ ಕೂತ. ನೀನು ಹಣೆಗೆ ಕೈ ಹಚ್ಚಿ ಅವನಿಗೆ ನಮಸ್ಕರಿಸಿ, "ದೊಡ್ಡ ಗಾಡಿ ಅಂದ್ರ ಇದು" ಅಂದೆ. ಅವತ್ತೇ ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು. ನಿನಗೆ ಹೇಳಿರಲಿಲ್ಲ, ನಕ್ಕುಬಿಡುತ್ತೀಯಾ ಅಂತ...

ಈ ಗಾಡಿ ಸಿಕ್ಕಿದ್ದು ಕುಳಗೇರಿ ಕ್ರಾಸಿನಲ್ಲಿ, ಮಾನಪ್ಪ ಎಂಬ ಕುರಿ ವ್ಯಾಪಾರಿಯ ಮನೆಯ ಮುಂದೆ. ಅವನ ಮಗ ರಸ್ತೆ ಕೆಲಸದ ಗುತ್ತಿಗೆದಾರ. ಹುಬ್ಬಳ್ಳಿ, ಸೊಲ್ಲಾಪುರ ಅಂತ ವರ್ಷಗಟ್ಟಲೆ ಓಡಿಸಿ ಈಗ ಹೊಸದು ತಗೊಂಡಿದ್ದಾನೆ, ಹಳೆಯದನ್ನು ಮಾರುವ ಹೊಣೆ ಅಪ್ಪನ ಮೇಲೆ. ವಿದೇಶಿ ಕಂಪನಿಯ ಎಸ್‌ಯುವಿ. ಕರಿ ಬಣ್ಣ, ತೊಗಲಿನ ಸೀಟು, ನೆತ್ತಿಯ ಮೇಲೆ ತೆರೆಯುವ ಗಾಜು. ಹೊಸದಿದ್ದಾಗ ನನ್ನಂಥವಳು ಅದರ ಬಾಗಿಲು ಮುಟ್ಟುವಂತಿರಲಿಲ್ಲ. ಈಗ ಹೊಸ ಸಣ್ಣ ಕಾರಿಗಿಂತ ಅಗ್ಗ, ಯಾಕೆಂದರೆ ಎರಡು ಲಕ್ಷ ಕಿಲೋಮೀಟರ್ ದಾಟಿದೆ.

ಮೊದಲ ಸಲ ನಾನೂ ನಿನ್ನ ಅಳಿಯನೂ ನೋಡಲು ಹೋದೆವು. ಅಲ್ಲೇ ನಾನು ಕೆಟ್ಟೆ. ಸಂತೆಯಲ್ಲಿ ಮನಸ್ಸಿಗೆ ಬಂದ ಕುರಿಯ ಕಡೆ ತಿರುಗಿಯೂ ನೋಡಬಾರದು, ಪಕ್ಕದ ಬಡಕಲನ್ನೇ ತಡವುತ್ತ ನಿಲ್ಲಬೇಕು ಅಂತ ನೀನು ಎಷ್ಟು ಸಲ ಹೇಳಿದ್ದೆ! ನಾನೋ, ಬಾಗಿಲು ತೆರೆದವಳೇ "ಅಯ್ಯ ಶಿವನ, ಏನ್ ಚಂದ ಐತ್ರಿ" ಅಂದುಬಿಟ್ಟೆ. ಕುರಿ ವ್ಯಾಪಾರಿಗೆ ಇನ್ನೇನು ಬೇಕು? ನಿನ್ನ ಅಳಿಯ ಗಂಟಲು ಒಣಗುವ ತನಕ ಚೌಕಾಸಿ ಮಾಡಿದರೂ ಮಾನಪ್ಪ ಒಂದು ರೂಪಾಯಿ ಇಳಿಯಲಿಲ್ಲ. ಅಕ್ಕಾವ್ರು ಮೆಚ್ಚಿದ ಮೇಲೆ ರೇಟಿನ ಮಾತೇಕೆ ಅಂತ ಚಹಾ ಕುಡಿಸಿ ಕಳಿಸಿದ.

ನಿನ್ನ ಅಳಿಯನನ್ನು ನೀನು ಬಲ್ಲೆ. ಒಂದು ಜೊತೆ ಚಪ್ಪಲಿಗೆ ಊರೆಲ್ಲ ತಿರುಗುವ ಮನುಷ್ಯ. ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಗೊಣಗಿದರು. ಕುರಿ ಕೆಮ್ಮಿದರೆ ಔಷಧ ಹುನಗುಂದದಲ್ಲೇ ಸಿಗುತ್ತದೆ, ಇದು ಕೆಮ್ಮಿದರೆ ಹುಬ್ಬಳ್ಳಿಗೆ ಓಡಬೇಕು ಅಂದರು. ಸ್ಟಾಫ್ ರೂಮಿನಲ್ಲಿ ಇನ್ನೊಂದು ಕಥೆ. ಟೀಚರು ಈ ಸಲ ಚುನಾವಣೆಗೆ ನಿಲ್ಲುತ್ತಾರಂತೆ ಅಂತ ನಗೆಯಾಡಿದರು. ಅದನ್ನೆಲ್ಲ ನಾನು ನಕ್ಕು ಬಿಟ್ಟೆ. ಆದರೆ ಊಟಕ್ಕೆ ಕೂತಾಗ ನಿನ್ನ ಅಳಿಯ ಮೆಲ್ಲಗೆ ಒಂದು ಮಾತು ಹೇಳಿದರು.

"ನಿಮ್ಮಪ್ಪನ ಹಿಂಡ ಎಲ್ಲಾ ತಂದು ಮನಿ ಮುಂದಿನ ಬೇವಿನ ಗಿಡದ ಕೆಳಗ ನಿಲ್ಲಿಸಿಬಿಡ್ತಿ, ನೋಡು."

ಖರೆ ಅಲ್ಲವೇ? ಗಾಡಿ ಕೆಟ್ಟು ನಿಂತರೆ ಕೆಡುವುದು ಬರೀ ಗಾಡಿಯಲ್ಲ. ನೀನು ಬಿಸಿಲಲ್ಲಿ, ಮಳೆಯಲ್ಲಿ, ಹೊಲ ಹೊಲ ತಿರುಗಿ ಬೆಳೆಸಿದ ಒಂದೊಂದು ಕುರಿಯೂ ಅಲ್ಲಿ ತುಕ್ಕು ಹಿಡಿಯುತ್ತದೆ. ಎರಡು ದಿನ ನಾನು ಗಾಡಿಯ ಹೆಸರೇ ಎತ್ತಲಿಲ್ಲ.

ಆಮೇಲೆ ಅಮೀನಗಡದ ಸಂತೆಯಲ್ಲಿ ನೀನು ಹೇಳುತ್ತಿದ್ದುದು ನೆನಪಾಯಿತು: ಹಾದಿ ತುಳಿದ ಕುರಿಯನ್ನು ನಂಬು, ಕಟ್ಟಿ ಮೇಯಿಸಿದ್ದನ್ನು ನಂಬಬೇಡ. ಇದೂ ಹಾದಿ ತುಳಿದದ್ದೇ ಅಲ್ಲವೇ, ಅದೂ ಹೆದ್ದಾರಿಯನ್ನು? ನಿನ್ನ ಇನ್ನೊಂದು ಮಾತೂ ಇತ್ತು. ಕೊಳ್ಳುವ ಕುರಿಯನ್ನು ನಿಂತಾಗ ನೋಡಬಾರದು, ಬೆಳಿಗ್ಗೆ ಏಳುವಾಗ ನೋಡಬೇಕು. ನಾವು ಫೋನ್ ಮಾಡಿ ಹೋಗಿದ್ದರಿಂದ ಮಾನಪ್ಪ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದ, ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ಮಲಗಿದ್ದು ಹೇಗೆ ಏಳುತ್ತದೆ ಅಂತ ನಾವು ನೋಡಿಯೇ ಇರಲಿಲ್ಲ!

ಹಾಗಾಗಿ ಮುಂದಿನ ಭಾನುವಾರ ಹೇಳದೆ ಕೇಳದೆ ಹೋದೆವು. ಹಿಂದಿನ ದಿನವೇ ಬಾದಾಮಿಗೆ ಹೋಗಿ ನಾದಿನಿಯ ಮನೆಯಲ್ಲಿ ಉಳಿದು, ಆ ಮನೆಯವರಿಗೆ ಗೊತ್ತಿದ್ದ ಮೆಕ್ಯಾನಿಕ್ಕನನ್ನು ಕರೆದುಕೊಂಡು, ಬೆಳಗಾಗುತ್ತಲೇ ಕುಳಗೇರಿ ಕ್ರಾಸಿನಲ್ಲಿದ್ದೆವು. ಈ ಸಲ ಅವ್ವನೂ ಹಟ ಮಾಡಿ ಬಂದಿದ್ದಳು. ಮೊಣಕಾಲು ನೋವಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಆಕೆ ಪಟ್ಟ ಪಾಡು ನೋಡಿದ್ದರೆ ನೀನೇ ಹೆಗಲ ಮೇಲೆ ಹೊತ್ತು ತರುತ್ತಿದ್ದೆ. ಮಾನಪ್ಪ ಹಲ್ಲುಜ್ಜುತ್ತ ಹೊರಗೆ ಬಂದ. ಬಾನೆಟ್ ತಣ್ಣಗಿತ್ತು. ಕೀಲಿ ನಾನೇ ಇಸಿದುಕೊಂಡೆ.

ಅಪ್ಪಾ, ಒಂದು ಸಲ ಗುರುಗುಟ್ಟಿತು, ಮೈ ಕೊಡವಿತು, ಎದ್ದೇಬಿಟ್ಟಿತು. ಹೊಗೆ ಇಲ್ಲ, ನಡುಕ ಇಲ್ಲ. ನಾದಿನಿಯ ಸಣ್ಣ ಕಾರಿನಲ್ಲಿ ಕೈ ಕುದುರಿಸಿಕೊಂಡಿದ್ದ ನಾನು ಇದನ್ನು ಬಾದಾಮಿ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ತಂದೆ. ಎದೆ ಎಷ್ಟು ಹಿಗ್ಗಿತ್ತೆಂದರೆ ಎದುರು ಬಂದವರಿಗೆಲ್ಲ ನಮಸ್ಕಾರ ಮಾಡಬೇಕು ಅನ್ನಿಸಿತು. ಬಾಯಿ ಮಾತ್ರ ಬಿಗಿದೇ ಇಟ್ಟಿದ್ದೆ. ಎಂಜಿನ್ ಗಟ್ಟಿ ಇದೆ, ಆದರೆ ಮುಂದಿನ ಸಸ್ಪೆನ್ಶನ್ನೂ ಟೈರುಗಳೂ ಹೊಸವಾಗಬೇಕು ಅಂತ ಮೆಕ್ಯಾನಿಕ್ ಹೇಳಿದ. ಆ ಖರ್ಚಿನಷ್ಟು ಇಳಿದರೆ ತಗೊಳ್ಳುವುದು, ಇಲ್ಲದಿದ್ದರೆ ಬಸ್ ಹತ್ತುವುದು ಅಂತ ನಾನೂ ನಿನ್ನ ಅಳಿಯನೂ ಮಾತಾಡಿಕೊಂಡೆವು. ಮಾನಪ್ಪ ಬಗ್ಗಲಿಲ್ಲ. ನಾನು ಮನಸ್ಸು ಗಟ್ಟಿ ಮಾಡಿ ಕೀಲಿ ತಿರುಗಿ ಕೊಟ್ಟೆ.

ಆಗ ಕಟ್ಟೆಯ ಮೇಲೆ ಕೂತಿದ್ದ ಅವ್ವ ಬಾಯಿ ಬಿಟ್ಟಳು. "ಟವೆಲ್ ತಾ, ತಮ್ಮಾ."

ನನಗೆ ಏನೂ ತಿಳಿಯಲಿಲ್ಲ. ಮಾನಪ್ಪನಿಗೆ ತಿಳಿಯಿತು. ಸಂತೆಯಲ್ಲಿ ನೀವು ಗಂಡಸರು ಟವೆಲ್ಲಿನ ಅಡಿ ಕೈ ಹಿಡಿದು, ಬೆರಳು ಒತ್ತಿ, ಯಾರಿಗೂ ಗೊತ್ತಾಗದಂತೆ ಬೆಲೆ ಮಾತಾಡುತ್ತಿದ್ದಿರಲ್ಲ, ಆ ವ್ಯಾಪಾರಕ್ಕೆ ಅವ್ವ ಕರೆಯುತ್ತಿದ್ದಳು! ಹೆಣ್ಣುಮಗಳ ಕೈ ಹೇಗೆ ಹಿಡಿಯುವುದು ಅಂತ ಆತ ಹಿಂದೆ ಮುಂದೆ ನೋಡಿದ. ನೀನು ನನ್ನ ತಮ್ಮನ ವಾರಿಗೆಯವನು, ಕೈ ಕೊಡು ಅಂತ ಅವ್ವ ಗದರಿದಳು. ಟವೆಲ್ಲಿನ ಅಡಿ ಇಬ್ಬರ ಕೈ ಸೇರಿದವು. ಅವ್ವ ಆಕಾಶ ನೋಡುತ್ತ ಕೂತಿದ್ದಳು, ನೀನು ಕೂರುತ್ತಿದ್ದ ಹಾಗೆಯೇ. ಮಾನಪ್ಪ ಒಂದು ಸಲ ಕೈ ಎಳೆದುಕೊಳ್ಳಲು ನೋಡಿದ, ಅವ್ವ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆತ ನಕ್ಕು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅಕ್ಕಾರ, ನೀವು ಸಂತಿಗೆ ಬರಲಿಲ್ಲ, ನಾವು ಉಳಿದ್ವಿ" ಅಂದ.

ಸಸ್ಪೆನ್ಶನ್ನಿಗೂ ಟೈರಿಗೂ ಸಾಕಾಗುವಷ್ಟು ಇಳಿದಿತ್ತು. ಅದರ ಮೇಲೆ ಅವನ ಅಂಗಳದ ಒಂದು ಹೆಣ್ಣು ಮರಿಯನ್ನೂ ಅವ್ವ ಸೇರಿಸಿಕೊಂಡಿದ್ದಳು. ನಿನ್ನ ಅಳಿಯ ನನ್ನ ಮುಖ ನೋಡಿ, ಇನ್ನು ತಗೊಳ್ಳದೆ ಹೋದರೆ ನಿಮ್ಮವ್ವ ನಮ್ಮನ್ನು ಮನೆಗೆ ಸೇರಿಸುವುದಿಲ್ಲ ಅಂದರು.

ಕಾಗದಪತ್ರ, ರಿಪೇರಿ ಎಲ್ಲ ಮುಗಿಸಿ ಮೊನ್ನೆ ಗಾಡಿಯನ್ನು ಮನೆಗೆ ತಂದೆವು. ಹೊಸ ಕುರಿಗೆ ಹಚ್ಚುವಂತೆ ಅವ್ವ ಬಾನೆಟ್ಟಿನ ಹಣೆಗೆ ಬೀರಪ್ಪನ ಭಂಡಾರ ಹಚ್ಚಿದಳು, ಕರಿ ಬಣ್ಣದ ಮೇಲೆ ಅರಿಶಿನ ಎಷ್ಟು ಒಪ್ಪಿತು ಅಂತೀ! ಆಕೆ ನನ್ನ ಪಕ್ಕ ಮುಂದಿನ ಸೀಟಿನಲ್ಲಿ, ನಿನ್ನ ಅಳಿಯ ಹಿಂದೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಅಮೀನಗಡದ ಹತ್ತಿರ ರಸ್ತೆ ತುಂಬ ಒಂದು ಹಿಂಡು ಅಡ್ಡ ಬಂತು. ನಾನು ಎಂಜಿನ್ ಬಂದ್ ಮಾಡಿದೆ. ಕುರಿಗಳು ಗಾಡಿಗೆ ಮೈ ಉಜ್ಜಿಕೊಂಡು ದಾಟುತ್ತಿದ್ದವು. ಆಗ ಕೇಳಿದೆ, ಬೆರಳಿನ ಭಾಷೆಯನ್ನು ಯಾವಾಗ ಕಲಿತೆ ಅವ್ವಾ ಅಂತ. ಸಂತೆಯಲ್ಲಿ ಆಕೆ ಬುತ್ತಿಗಂಟು ಹಿಡಿದು ನಿನ್ನ ಬೆನ್ನ ಹಿಂದೆ ಕೂತಿರುತ್ತಿದ್ದಳು, ಅಷ್ಟೇ ಅಂತ ತಿಳಿದಿದ್ದೆ.

"ಕೈಬಟ್ಟು ಟವೆಲ್ ಒಳಗ ಇರತಿದ್ವು, ನಿಮ್ಮಪ್ಪನ ಮೊಣಕೈ ಹೊರಗ ಇರತಿತ್ತಲ್ಲ. ಅದನ್ನ ನೋಡಿ ನೋಡಿ ಕಲ್ತೆ" ಅಂದಳು. ದಾಟುವ ಕುರಿಗಳನ್ನು ನೋಡುತ್ತ, "ಮನಿಗಿ ಬಂದು ಪ್ರತಿ ಸಲ ನನಗ ಒಂದು ಬಟ್ಟು ಕಮ್ಮಿ ಹೇಳತಿದ್ದ. ಆ ಬಟ್ಟು ನಿನ್ನ ಸಾಲಿಗಿ ಹೊಂಟೈತಿ ಅಂತ ಗೊತ್ತಿತ್ತು. ಅದಕ್ಕ ಸುಮ್ನಿದ್ದೆ."

ಕೇಳಿದೆಯಾ ಅಪ್ಪಾ? ಹೆಣ್ಣುಮಗಳ ಓದಿಗೆ ಅವ್ವ ತಕರಾರು ತೆಗೆಯುತ್ತಾಳೆ ಅಂತ ಹೆದರಿ, ನೀನು ಕುರಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಮುಚ್ಚಿಟ್ಟು ನನಗೆ ಪುಸ್ತಕ ತರುತ್ತಿದ್ದೆ. ಅವ್ವನಿಗೆ ಹೇಳಬೇಡ ಅಂತ ನನ್ನಿಂದ ಆಣೆ ಮಾಡಿಸುತ್ತಿದ್ದೆ. ನಾವಿಬ್ಬರೂ ಎಷ್ಟು ಜಾಣರು ಅಂತ ಬೀಗುತ್ತಿದ್ದೆವಲ್ಲ... ಹಿಂಡು ದಾಟಿ ಹೋದ ಮೇಲೂ ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಅಳುತ್ತಿದ್ದೆ, ನಗುತ್ತಲೂ ಇದ್ದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಹೊಡೆಯಲಿ ಬಿಡು.

ಈಗ ನನ್ನ ಮಾತು ಕೇಳು. ಈ ಗಾಡಿಯನ್ನು ನಿಲ್ಲಲು ಬಿಡುವುದಿಲ್ಲ. ಅವ್ವ ಯಾವ ಊರು ಅಂದರೆ ಆ ಊರಿಗೆ ನಡೆಯುತ್ತದೆ. ಒಂದು ವೇಳೆ ಕೆಟ್ಟು ಕೂತರೆ ಬಂದ ಬೆಲೆಗೆ ಮಾರಿ ಕುರಿ ತರುತ್ತೇನೆ, ಹಿಂಡಿಗೆ ಮೊದಲ ಮರಿ ಆಗಲೇ ಅಂಗಳದಲ್ಲಿದೆ. ಯಾವ ಹಿಂಡಿನ ಹಿಂದೆಯೂ ಹಾರ್ನ್ ಒತ್ತುವುದಿಲ್ಲ. ಇನ್ನು ಅವ್ವ ನಿನ್ನ ಕಡೆ ಬರುವುದು ಸದ್ಯಕ್ಕಿಲ್ಲ, ಆಕೆಗೆ ಭಾಳ ತಿರುಗುವುದಿದೆ. ಬಂದಾಗ ಮಾತ್ರ, ಯಪ್ಪಾ, ಬೆಲೆ ಸರಿಯಾಗಿ ಹೇಳು.

ನಿನ್ನ
ಮಾಯವ್ವ